ವಾಲ್ವ್ ಕಿತ್ತವನೂ ಅವನೇ, ಹಾಕಿದವನೂ ಅವನೇ

ಹೆಣ್ಣು ಮಗು! ನಮ್ಮ ಮನೆಗೆ ಹೆಣ್ಣು ಮಗು ಬಂದಿದೆ. ಸೊಸೆ ಪದ್ಮಾವತಿ ಹೆತ್ತಳು, ನಾನು ಅಜ್ಜಿಯಾದೆ. ನಿನ್ನೆ ಬೆಳಿಗ್ಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ತಾಯಿ ಮಗು ಇಬ್ಬರನ್ನೂ ದಿಬ್ಬೂರಹಳ್ಳಿಗೆ ಕರೆತಂದೆವು. ಮಗುವಿಗೆ ತಲೆ ತುಂಬ ಕೂದಲು, ಅತ್ತರೆ ಮೂರು ಮನೆಗೆ ಕೇಳುವ ಗಂಟಲು. ಬೀದಿಯಲ್ಲಿ "ಹೆಣ್ಣಾ?" ಎಂದು ರಾಗ ಎಳೆದವರಿಗೆಲ್ಲ "ಹೂಂ, ಹೆಣ್ಣೇ. ಕೇಳಿಸದಿದ್ರೆ ಹೇಳಿ, ಇನ್ನೂ ಜೋರಾಗಿ ಹೇಳ್ತೀನಿ" ಎಂದೆ. "ಪುರುಡಿನ ಮೈಲಿಗೆಯಲ್ಲಿ ಯಾರಾದ್ರೂ ಒಬ್ಬಟ್ಟು ಮಾಡ್ತಾರೇನಮ್ಮ?" ಎಂದು ಪಕ್ಕದ ಮನೆಯಾಕೆ ಕೇಳಿದಳು. ನಾನು ಮಾಡ್ತೀನಿ ಎಂದು ಬೇಳೆ ಬೇಯಲು ಇಟ್ಟೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಆದರೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು, ಮಗ ಓಡಿಸುತ್ತಿದ್ದ ನಮ್ಮ ಹಳೇ ವ್ಯಾನಿನಲ್ಲಿ ಬರುವಾಗ, ಸೀಟಿನ ಕೆಳಗೆ ಇಂಜಿನ್ನು ಒಂದೇ ಸಮನೆ ಗುನುಗುತ್ತಿತ್ತು. ಆ ಸದ್ದು ಕೇಳುತ್ತಾ ಕೇಳುತ್ತಾ ನನಗೆ ಗಂಗುಲಪ್ಪ ನೆನಪಾದ. ಅವನಿಲ್ಲದಿದ್ದರೆ ಈ ವ್ಯಾನು ಎಂದೋ ಗೌರಿಬಿದನೂರಿನವರ ಪಾಲಾಗುತ್ತಿತ್ತು. ವ್ಯಾನಿನ ಹಿಂದೆಯೇ ನನ್ನ ಸೊಸೆಯ ಕೆಲಸವೂ ಹೋಗುತ್ತಿತ್ತು. ಅದಕ್ಕೇ ಅವನ ವಿಷಯ ಬರೆಯುತ್ತಿದ್ದೇನೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಗಂಗುಲಪ್ಪ ಇಂಜಿನ್ನಿನ ಸದ್ದನ್ನು ಹಲ್ಲಿನಲ್ಲಿ ಕೇಳುತ್ತಿದ್ದ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಬಾಯಿಗೆ ಹಾಕಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮೊದಲ ಸಲ ನೋಡಿದಾಗ ನನಗೆ ಗಾಬರಿಯಾಗಿತ್ತು. ಕಿವಿ ಇಲ್ಲವೇನಪ್ಪ ನಿನಗೆ ಎಂದರೆ, "ಕಿವಿ ಐತಕ್ಕಾ. ಆದ್ರೆ ಕಿವಿಗೆ ಊರಿನ ಮಾತೆಲ್ಲಾ ಕೇಳಿಸ್ತದೆ. ಹಲ್ಲಿಗೆ ಇಂಜಿನ್ ಒಂದೇ ಕೇಳಿಸೋದು" ಎಂದ. ಹಿಡಿಯ ಮೇಲೆ ಅವನ ಹಲ್ಲಿನ ಗುರುತುಗಳು ಸಾಲಾಗಿ ಮೂಡಿದ್ದವು.

ಶಿಡ್ಲಘಟ್ಟದಲ್ಲಿ ಚಿಂತಾಮಣಿ ರಸ್ತೆಯ ಪಕ್ಕದಲ್ಲಿ ಅವನ ಗ್ಯಾರೇಜು. ಗ್ಯಾರೇಜು ಎಂದರೆ ನಾಲ್ಕು ತಗಡು, ಒಂದು ಹೊಂಗೆ ಮರ, ಬಂದವರು ಕೂರಲು ಒಂದು ಚಪ್ಪಡಿ ಕಲ್ಲು. ಅಲ್ಲಿಗೆ ಗಾಡಿ ತೊಳೆದು ತಂದರೆ ಬೈಗುಳ ಖಂಡಿತ. "ಏನಯ್ಯಾ, ಮದುವೆ ಹೆಣ್ಣು ತೋರ್ಸೋಕೆ ಬಂದಿದೀಯಾ? ಎಲ್ಲಿ ಆಯಿಲ್ ಸೋರ್ತಾ ಐತೆ ಅಂತ ನಾನು ಕನಸು ಕಾಣ್ಲಾ? ಹೋಗು, ಒಂದು ವಾರ ಓಡ್ಸಿ, ಗಲೀಜು ಮಾಡ್ಕೊಂಡು ಬಾ!" ಎಂದು ವಾಪಸ್ ಅಟ್ಟುತ್ತಿದ್ದ. ದೊಡ್ಡ ಮನುಷ್ಯರು, ಚಿಕ್ಕ ಮನುಷ್ಯರು ಎಂಬ ಭೇದ ಅವನ ಬಾಯಿಗೆ ಇರಲಿಲ್ಲ. ಬಾಯಿ ತುಂಬ ಬೀಡಿ, ಮಾತಿನ ತುಂಬ ಜಂಬ. ಅರ್ಧ ಕನ್ನಡ, ಅರ್ಧ ತೆಲುಗು. "ಗಂಗುಲಪ್ಪ ಮುಟ್ಟಿದ ಗಾಡಿ ಇನ್ನೊಬ್ಬ ಮುಟ್ಟಂಗಿಲ್ಲ, ತೆಲುಸಾ?" ಎನ್ನುತ್ತಿದ್ದ.

ಆದರೆ ಹುಳು ಸಾಗಿಸುವ ಗಾಡಿ ಗೇಟಿನಲ್ಲಿ ಕಂಡರೆ ಅವನು ಬೀಡಿಯನ್ನು ಕಾಲಿನಲ್ಲಿ ಹೊಸಕಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡೇ ಹತ್ತಿರ ಬರುತ್ತಿದ್ದ. ರೇಷ್ಮೆ ಹುಳುವಿಗೆ ಹೊಗೆಸೊಪ್ಪಿನ ಗಾಳಿ ಸೋಕಿದರೂ ಆಗದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪಾಲಿಸುವವರು ಕಡಿಮೆ. ಅವನು ಪಾಲಿಸುತ್ತಿದ್ದ. ನನಗೆ ಅವನ ಮೇಲೆ ಮೊದಲು ಗೌರವ ಬಂದದ್ದು ಆ ಸೋಪಿನಿಂದ.

ನಮ್ಮ ಪದ್ಮ ಚಾಕಿ ಕೇಂದ್ರ ನಡೆಸುತ್ತಾಳೆ. ಮೊಟ್ಟೆಯೊಡೆದು ಬಂದ ಹುಳುಗಳಿಗೆ ಎಳೆ ಸೊಪ್ಪು ಕತ್ತರಿಸಿ ಹಾಕಿ, ಹುಳು ಮೇವು ಬಿಟ್ಟು ಪೊರೆ ಕಳಚುವ ಎರಡು ಜ್ವರ ದಾಟಿಸಿ, ತಟ್ಟೆಗಳಲ್ಲಿ ರೈತರ ಮನೆಗೆ ತಲುಪಿಸುವ ಕೆಲಸ. ಬಿಸಿಲೇರುವ ಮುಂಚೆ ಮಂಡಿಕಲ್ಲು, ಪೆರೇಸಂದ್ರ, ಚಿಂತಾಮಣಿ ಕಡೆಯ ಹಳ್ಳಿಗಳಿಗೆ ಹುಳು ಮುಟ್ಟಬೇಕು. ಅದಕ್ಕೆಂದೇ ಹಳೇ ಪೆಟ್ರೋಲ್ ವ್ಯಾನು ಕೊಂಡು, ಅವಳೇ ಓಡಿಸಲು ಕಲಿತಳು. ಮಗ ರಮೇಶ ಹಾಲಿನ ಡೇರಿಯಲ್ಲಿ ನೌಕರಿಗೆ ಹೋಗುತ್ತಾನೆ. ಸೊಸೆ ಒಬ್ಬಳೇ ವ್ಯಾನಿನಲ್ಲಿ ಊರೂರು ತಿರುಗುತ್ತಾಳೆ ಎಂದು ಯಾರೂ ಬಾಯಿ ಬಿಡಬಾರದೆಂದು ನಾನು ಪಕ್ಕದ ಸೀಟಿನಲ್ಲಿ ಕೂರತೊಡಗಿದೆ. ಆಮೇಲೆ ಊರವರ ಮಾತು ಮರೆತೇಹೋಯಿತು. ಆ ಸೀಟು ನನಗೆ ಇಷ್ಟವಾಗಿಬಿಟ್ಟಿತ್ತು.

ನಮ್ಮ ಯಜಮಾನರು ಮುನಿಶಾಮಪ್ಪನವರಿಗೆ ಮಾತ್ರ ಆ ವ್ಯಾನು ಕಂಡರಾಗದು. "ಹೆಂಗಸರು ಸ್ಟೇರಿಂಗ್ ಹಿಡಿದ್ರೆ ಗಾಡಿಗೂ ಶ್ರೇಯಸ್ಸಲ್ಲ, ಮನೆಗೂ ಶ್ರೇಯಸ್ಸಲ್ಲ" ಎಂದು ಅಂಗಳದಲ್ಲಿ ಕೂತು ಕೇಳಿಸುವಂತೆ ಗೊಣಗುತ್ತಿದ್ದರು.

ವ್ಯಾನು ಕೊಂಡ ವಾರದಲ್ಲೇ ಅದನ್ನು ಗಂಗುಲಪ್ಪನ ಹತ್ತಿರ ಒಯ್ದೆವು. ಈ ವ್ಯಾನಿನಲ್ಲಿ ಇಂಜಿನ್ನು ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಕೂತವರಿಗೇ ಕೆಳಗಿನಿಂದ ಶಾಖ ಹೊಡೆಯುತ್ತದೆ, ಇನ್ನು ಹಿಂದಿರುವ ಹುಳುವಿನ ಗತಿ? ಅದಕ್ಕೆ ಗಂಗುಲಪ್ಪನ ಬಳಿ ಒಂದು ಮದ್ದಿತ್ತು. ಇಂಜಿನ್ನಿನ ನೀರು ಬಿಸಿಯಾಗುವ ತನಕ ರೇಡಿಯೇಟರಿಗೆ ಹೋಗದಂತೆ ತಡೆಯಲು ಒಳಗೊಂದು ಪುಟ್ಟ ವಾಲ್ವ್ ಇರುತ್ತದೆ, ಬಾಗಿಲಿದ್ದ ಹಾಗೆ. ಅದನ್ನು ಕಿತ್ತುಬಿಟ್ಟರೆ ನೀರು ಸದಾ ಓಡಾಡುತ್ತಾ ಇಂಜಿನ್ನು ತಣ್ಣಗೇ ಇರುತ್ತದೆ. ನಮ್ಮ ಸೀಮೆಯ ರೇಷ್ಮೆ ಗಾಡಿಗಳಿಗೆಲ್ಲ ಅವನು ಇದನ್ನೇ ಮಾಡಿದ್ದ. ಕಿತ್ತ ವಾಲ್ವುಗಳನ್ನು ತಂತಿಗೆ ಪೋಣಿಸಿ ಗ್ಯಾರೇಜಿನ ಬಾಗಿಲಿಗೆ ತೋರಣ ಕಟ್ಟಿದ್ದ. ನಮ್ಮದನ್ನೂ ಕಿತ್ತು ತೋರಣಕ್ಕೆ ಸೇರಿಸಿ, "ನೋಡಮ್ಮಾ ಡ್ರೈವರಮ್ಮಾ, ಇನ್ನು ಈ ಮುಳ್ಳು ಮೇಲೆ ಎದ್ರೆ ನನ್ನ ಹೆಸರು ಗಂಗುಲಪ್ಪ ಅಲ್ಲ" ಎಂದು ಶಾಖ ತೋರಿಸುವ ಮುಳ್ಳನ್ನು ಬೆರಳಿಂದ ಕುಟ್ಟಿದ. ನಿಜ, ಆ ಮುಳ್ಳು ತಳ ಬಿಟ್ಟು ಏಳಲಿಲ್ಲ.

ಎದ್ದದ್ದು ಬೇರೆ. ಸ್ವಲ್ಪ ದಿನಕ್ಕೆ ಮೀಟರಿನ ಪಕ್ಕ ಹಳದಿ ಲೈಟು ಹತ್ತಿಕೊಂಡಿತು, ಇಂಜಿನ್ನಿನ ಚಿತ್ರವಿರುವ ಲೈಟು. ಜೊತೆಗೆ ಪೆಟ್ರೋಲು ನೀರಿನಂತೆ ಖರ್ಚಾಗತೊಡಗಿತು. ಲೀಟರಿಗೆ ಹದಿನೈದು ಹದಿನಾರು ಕಿಲೋಮೀಟರ್ ಕೊಡುತ್ತದೆ ಎಂದು ಹಳೇ ಮಾಲೀಕ ಹೇಳಿದ್ದ. ನಮ್ಮ ಕೈಯಲ್ಲಿ ಹತ್ತು ಕೊಡಲೂ ಅದು ಹಿಂದೆಮುಂದೆ ನೋಡುತ್ತಿತ್ತು.

"ಲೈಟ್ ಹತ್ತಿದ್ರೆ ಹತ್ತಲಿ, ನಿನ್ನ ಮನೆ ಕರೆಂಟೇನೂ ಅಲ್ವಲ್ಲ" ಎಂದು ಗಂಗುಲಪ್ಪ ಮೊದಲು ತಳ್ಳಿಹಾಕಿದ. ಪದ್ಮ ಬಿಡಲಿಲ್ಲ. "ಅಣ್ಣಾ, ಅದು ಏನೋ ಹೇಳ್ತಾ ಐತೆ. ನೀವು ಕೇಳದೆ ಇದ್ರೆ ಹೆಂಗೆ?" ಎಂದಳು. ಅವನು ಮುಖ ಗಂಟಿಕ್ಕಿಕೊಂಡು ಒಂದು ತುಂಡು ತಂತಿ ತಂದ. ಡ್ಯಾಶ್‌ಬೋರ್ಡಿನ ಕೆಳಗಿದ್ದ ಪ್ಲಗ್ಗಿನ ಎರಡು ತೂತಿಗೆ ಅದನ್ನು ಸಿಕ್ಕಿಸಿ, ಕೀ ತಿರುಗಿಸಿದ. ಲೈಟು ಮಿಣುಕತೊಡಗಿತು. ಒಂದು ಸಲ ಮಿಣುಕಿ ನಿಂತಿತು. ಆಮೇಲೆ ಬೇಗಬೇಗ ಮೂರು ಸಲ. ಮತ್ತೆ ಒಂದು, ಮತ್ತೆ ಮೂರು.

"ಹದಿಮೂರು" ಎಂದ ಗಂಗುಲಪ್ಪ. "ಸೈಲೆನ್ಸರ್ ಪೈಪಿನೊಳಗೆ ಇದಕ್ಕೊಂದು ಮೂಗು ಐತಕ್ಕಾ, ಸೆನ್ಸರ್ ಅಂತಾರೆ. ಹೊಗೆ ಮೂಸಿ ನೋಡಿ ಪೆಟ್ರೋಲ್ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅಂತ ಕಂಪ್ಯೂಟರ್ ಡಬ್ಬಿಗೆ ಚಾಡಿ ಹೇಳೋದು ಅದೇ. ಮೂಗು ಕೆಟ್ಟೈತೆ. ಬದಲಾಯ್ಸಿದ್ರೆ ಆಯ್ತು."

ಬದಲಾಯಿಸಿದ. ಲೈಟು ಆರಿತು. ಗಂಗುಲಪ್ಪ ಎದೆಯುಬ್ಬಿಸಿಕೊಂಡು ಓಡಾಡಿದ. ಒಂದು ಬೆಳೆ ಹುಳು ಸಾಗಿಸುವುದರೊಳಗೆ ಲೈಟು ಮತ್ತೆ ಹತ್ತಿತು. ಮತ್ತೆ ತಂತಿ, ಮತ್ತೆ ಹದಿಮೂರು. ಬಿಚ್ಚಿ ನೋಡಿದರೆ ಹೊಸ ಮೂಗಿಗೂ ಕಾಡಿಗೆಯಂತೆ ಮಸಿ ಹಿಡಿದಿತ್ತು. ಅಂಗಡಿಯವನು ಕಳಪೆ ಮಾಲು ಕೊಟ್ಟ ಎಂದು ಗಂಗುಲಪ್ಪ ಕೂಗಾಡಿದ. ಪೆಟ್ರೋಲಿನಲ್ಲಿ ಕಲಬೆರಕೆ ಎಂದ. ಹಳೇ ಮಾಲೀಕನ ವಂಶವನ್ನೇ ಎತ್ತಾಡಿದ. ತನ್ನ ಕೈ ಕೆಲಸದ ಕಡೆ ಮಾತ್ರ ಬೆರಳು ತೋರಿಸಲಿಲ್ಲ.

ಆಮೇಲೆ ಮಂಡಿಕಲ್ಲಿನ ಪ್ರಸಂಗ ಆಯಿತು. ಒಂದು ಬೆಳಿಗ್ಗೆ ಅಲ್ಲಿನ ರೈತರೊಬ್ಬರು ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಕೆಳಗಿಳಿಸಿ, "ಏನಮ್ಮ ಇದು, ಪೆಟ್ರೋಲ್ ವಾಸನೆ ಹೊಡೀತದೆ. ಇದನ್ನ ಸೊಪ್ಪಿಗೆ ಬಿಟ್ರೆ ತಿಂತದಾ?" ಎಂದರು. ಪದ್ಮ ಮೂಸಿದಳು. ನಾನೂ ಮೂಸಿದೆ. ಅವರು ಹೇಳಿದ್ದು ಸುಳ್ಳಲ್ಲ. ಅವರು ಒಂದು ತಟ್ಟೆಯನ್ನೂ ಇಳಿಸಿಕೊಳ್ಳಲಿಲ್ಲ. ಬರುವ ದಾರಿಯಲ್ಲಿ ಪದ್ಮ ಗೇರು ಹಾಕುವಾಗೆಲ್ಲ ತುಟಿ ಕಚ್ಚುತ್ತಿದ್ದಳು. ಚಾಕಿ ಕೆಲಸದಲ್ಲಿ ಒಂದು ಊರಿನವರು ಹುಳು ಬೇಡ ಎಂದರೆ, ವಾರ ಕಳೆಯುವುದರೊಳಗೆ ಅಕ್ಕಪಕ್ಕದ ಊರಿನವರೂ ಬೇಡ ಎನ್ನುತ್ತಾರೆ.

ಯಜಮಾನರಿಗೆ ಇಷ್ಟೇ ಸಾಕಾಯಿತು. "ಹೇಳಿರಲಿಲ್ವಾ ನಾನು?" ಎಂದವರು ವ್ಯಾನು ಕೊಳ್ಳಲು ಗೌರಿಬಿದನೂರಿನಿಂದ ಒಬ್ಬರನ್ನು ಗೊತ್ತುಮಾಡಿಯೇಬಿಟ್ಟರು. ಸೋಮವಾರ ಬಂದು ಗಾಡಿ ಒಯ್ಯುವುದೆಂದು ಮಾತಾಯಿತು. ಇನ್ನು ಹುಳುವನ್ನು ರೈತರೇ ಬಂದು ಒಯ್ಯಲಿ, ಒಯ್ಯದಿದ್ದರೆ ಚಾಕಿ ಮನೆಯನ್ನು ದನದ ಕೊಟ್ಟಿಗೆ ಮಾಡೋಣ ಎಂದರು. ರಮೇಶ ಅಪ್ಪನೆದುರು ಬಾಯಿ ಬಿಡುವವನಲ್ಲ. ಪದ್ಮ ಒಳಗೆ ಹೋಗಿ ಎಳೆ ಸೊಪ್ಪು ಕತ್ತರಿಸುತ್ತಾ ಕೂತಳು. ಕತ್ತಿಯ ಸದ್ದು ಎಂದಿಗಿಂತ ಜೋರಾಗಿತ್ತು.

ಭಾನುವಾರ ಕೊನೆಯ ಸಲವೆಂದು ಚಿಂತಾಮಣಿ ಕಡೆ ಹುಳು ಕೊಟ್ಟು ವಾಪಸ್ಸಾಗುತ್ತಿದ್ದೆವು. ಟೊಮೇಟೊ ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಮಂಡಿಗೆ ಹೋಗುತ್ತಿದ್ದವು. ಮುಂದೆ ಹೋಗಲು ದಾರಿಯಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಆಮೆಯ ಹಾಗೆ ಅವುಗಳ ಹಿಂದೆ ತೆವಳಿದೆವು. ಪದ್ಮ ಥಟ್ಟನೆ, "ಅತ್ತೆ, ವಾಸನೆ ಬರ್ತಾ ಐತಾ ನೋಡಿ" ಎಂದಳು. ಮೂಸಿದೆ. ಇರಲಿಲ್ಲ. "ಮುಳ್ಳು ನೋಡಿ" ಎಂದಳು. ಎಂದೂ ಏಳದ ಮುಳ್ಳು ಅರ್ಧಕ್ಕೆ ಬಂದು ನಿಂತಿತ್ತು. ಇಂಜಿನ್ನು ಮೊದಲ ಸಲ ಕೆಮ್ಮದೆ, ಮುಲುಕದೆ ಓಡುತ್ತಿತ್ತು. ದಾರಿ ಸಿಕ್ಕಿ ಜೋರಾಗಿ ಹೋದ ಕೂಡಲೆ ಗಾಳಿ ಬಡಿದು ಮುಳ್ಳು ಇಳಿಯಿತು. ವಾಸನೆ ಮತ್ತೆ ಬಂತು.

ಪದ್ಮ ಮನೆಗೆ ಹೋಗಲಿಲ್ಲ, ನೇರ ಗ್ಯಾರೇಜಿಗೆ ತಿರುಗಿಸಿದಳು.

"ಅಣ್ಣಾ, ಗಾಡಿ ಬಿಸಿಯಾದ್ರೆ ಚೆನ್ನಾಗಿ ಓಡ್ತದೆ. ತಣ್ಣಗಾದ್ರೆ ಪೆಟ್ರೋಲ್ ಕುಡೀತದೆ."

"ಯಾರಮ್ಮ ಹೇಳಿದ್ದು ನಿಂಗೆ?"

"ಗಾಡಿನೇ ಹೇಳ್ತು."

"ಮೂವತ್ತು ವರ್ಷದಿಂದ ಕೈ ಕರಿ ಮಾಡ್ಕೊಂಡಿದೀನಿ, ನನಗೆ ಹೇಳಿಲ್ಲ. ನಿನಗೆ ಹೇಳ್ತಾ?" ಎಂದು ಗಂಗುಲಪ್ಪ ಗದರಿದ.

"ನೀವು ಅದರ ಮೈ ಬಿಸಿ ಆಗೋಕೇ ಬಿಟ್ಟಿಲ್ವಲ್ಲ ಅಣ್ಣಾ, ಪಾಪ ಯಾವಾಗ ಹೇಳ್ಬೇಕು?"

ಈಗ ಸ್ಕ್ರೂಡ್ರೈವರ್ ಬೀಸಿ ಎಸೆಯುತ್ತಾನೆ ಎಂದುಕೊಂಡೆ. ಅವನು ಎಸೆಯಲಿಲ್ಲ. ತೋರಣದ ಕಡೆ ನೋಡಿದ. ವ್ಯಾನಿನ ಕಡೆ ನೋಡಿದ. ಆಮೇಲೆ ಹೋಗಿ ಒಂದು ಗೋಣಿಚೀಲ ತಂದು, ಮಡಚಿ, ರೇಡಿಯೇಟರಿನ ಮುಂದೆ ಗಾಳಿ ಬಡಿಯದಂತೆ ಬಿಗಿದು ಕಟ್ಟಿದ. ಇಂಜಿನ್ನಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಕಪ್ಪು ಮಸಿಯನ್ನು ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದ. "ಹತ್ತಕ್ಕಾ. ಹೋಗಣ" ಎಂದ.

ಚಿಂತಾಮಣಿ ರಸ್ತೆಯಲ್ಲಿ ಕೈವಾರದ ಕಡೆ ತಿರುಗುವ ತನಕ ಹೋದೆವು. ಪದ್ಮ ಓಡಿಸಿದಳು, ನಾನು ಪಕ್ಕದಲ್ಲಿ. ಗಂಗುಲಪ್ಪ ಹಿಂದೆ ಖಾಲಿ ತಟ್ಟೆಗಳ ನಡುವೆ ಮೊಣಕಾಲೂರಿ ಕೂತು, ನಮ್ಮಿಬ್ಬರ ಮಧ್ಯೆ ತಲೆ ತೂರಿಸಿ ಮುಳ್ಳನ್ನೇ ನೋಡುತ್ತಿದ್ದ. ಮುಳ್ಳು ಎದ್ದಿತು, ಅರ್ಧದಲ್ಲಿ ನಿಂತಿತು. ಗಾಡಿ ನಿಲ್ಲಿಸಿ ಪ್ಲಗ್ ಬಿಚ್ಚಿದಾಗ ತುದಿಗೆ ಮಸಿಯಿರಲಿಲ್ಲ. ಹದವಾಗಿ ಸುಟ್ಟ ಇಟ್ಟಿಗೆಯ ಬಣ್ಣ ಬಂದಿತ್ತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ರಸ್ತೆ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

"ಅಕ್ಕಾ" ಎಂದ. "ಹಳೇ ಕಾರ್ಬುರೇಟರ್ ಗಾಡಿಗೆ ತಲೆ ಇರ್ಲಿಲ್ಲ. ತಣ್ಣಗಿದ್ರೂ ಅಷ್ಟೇ, ಬಿಸಿ ಇದ್ರೂ ಅಷ್ಟೇ, ಹೆಂಗೋ ಓಡ್ತಿತ್ತು. ಇದಕ್ಕೆ ತಲೆ ಐತೆ. ಮೈ ತಣ್ಣಗೈತೆ ಅಂದ್ರೆ ಈಗ ತಾನೇ ನಿದ್ದೆಯಿಂದ ಎದ್ದೈತೆ ಅನ್ಕೊಂಡು ಪೆಟ್ರೋಲ್ ಜಾಸ್ತಿ ಕೊಡ್ತದೆ. ನಾನು ವಾಲ್ವ್ ಕಿತ್ತು ಇದಕ್ಕೆ ಬೆಳಗೇ ಆಗದಂಗೆ ಮಾಡಿದೀನಿ. ಆ ಜಾಸ್ತಿ ಪೆಟ್ರೋಲಿಂದ ಮಸಿ, ಮಸಿಯಿಂದ ಮೂಗು ಕಟ್ಟಿದ್ದು. ಲೈಟು ಮೂಗು ಕಟ್ಟೈತೆ ಅಂತು. ಯಾಕೆ ಕಟ್ಟೈತೆ ಅಂತ ನಾನು ಕೇಳ್ಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿಕೊಂಡು, ಯಾರಿಗೂ ಹೇಳಬೇಡಿ ಎಂದು ಕೇಳುತ್ತಿದ್ದರು. ಗಂಗುಲಪ್ಪ ಎದ್ದು ಪಂಚೆ ಕೊಡವಿದ. ಗ್ಯಾರೇಜಿಗೆ ಬಂದ ಕೂಡಲೆ ಹೊಂಗೆ ಮರದ ಕೆಳಗಿದ್ದ ಡ್ರೈವರುಗಳ ಎದುರಿಗೇ ತೋರಣವನ್ನು ಕಿತ್ತು ಕೈಗೆ ಸುತ್ತಿಕೊಂಡ. "ಕೇಳ್ರೋ! ಕಂಪ್ಯೂಟರ್ ಡಬ್ಬಿ ಇರೋ ಗಾಡಿಗೆಲ್ಲ ನಾನು ಕಿತ್ತ ವಾಲ್ವ್ ನಾನೇ ವಾಪಸ್ ಹಾಕ್ತೀನಿ. ಹಾಳಾಗಿದ್ರೆ ಹೊಸದು ತರ್ತೀನಿ. ಒಬ್ಬೊಬ್ರೇ ಬನ್ನಿ!" ಎಂದು ಕೂಗಿದ.

ಒಬ್ಬ ಡ್ರೈವರ್ ಕಿಸಕ್ಕನೆ ನಕ್ಕ. "ಏನ್ ಗಂಗುಲಣ್ಣ, ನೀನೇ ಕೀಳ್ತೀಯಾ, ನೀನೇ ಹಾಕ್ತೀಯಾ?"

"ಹೂಂ ಕಣೋ! ತಪ್ಪು ಮಾಡಿದೋನು ನಾನು, ಸರಿ ಮಾಡೋನೂ ನಾನು. ಮಧ್ಯದಲ್ಲಿ ಹಲ್ಲು ಕಿರಿಯೋಕೆ ನೀನ್ಯಾರು?"

ನನಗೆ ಈಗಲೂ ಆ ಮಾತು ನೆನೆದರೆ ಮೈ ಜುಮ್ಮೆನ್ನುತ್ತದೆ. ತಪ್ಪೊಪ್ಪಿಕೊಳ್ಳುವುದನ್ನೂ ಇಷ್ಟು ಜೋರು ದನಿಯಲ್ಲಿ, ಜಗಳ ಕಾಯುವವರ ಹಾಗೆ ಮಾಡಬಹುದೆಂದು ನಾನು ಅವನಿಂದ ಕಲಿತೆ.

ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋದೆವು. ಸೋಮವಾರ ಬೆಳಿಗ್ಗೆ ನಾವಿಬ್ಬರೂ ಮತ್ತೆ ಬರುವುದರೊಳಗೆ ವಾಲ್ವ್ ಒಳಗೆ ಹೋಯಿತು, ಮೂಗು ಬದಲಾಯಿತು, ಬ್ಯಾಟರಿ ತಂತಿ ಬಿಚ್ಚಿ ಹಾಕಿದ ಮೇಲೆ ಲೈಟೂ ಆರಿತು. ಈಗ ಇಂಜಿನ್ನು ಸರಿಯಾಗಿ ಬಿಸಿಯಾಗುತ್ತದೆ, ಹಾಗಾದರೆ ಹುಳುವಿಗೆ ಶಾಖ ತಗುಲುವುದಿಲ್ಲವೆ? ಇದಕ್ಕೆ ಪದ್ಮಳೇ ದಾರಿ ಕಂಡಳು. ಬೇಸಿಗೆಯಲ್ಲಿ ಹುಳು ಮನೆಗೆ ಒದ್ದೆ ಗೋಣಿ ಇಳಿಬಿಡುತ್ತೇವಲ್ಲ, ಅದನ್ನೇ ಸೀಟಿನ ಹಿಂದೆ ಪರದೆಯಂತೆ ಕಟ್ಟೋಣ ಎಂದಳು. ಗಂಗುಲಪ್ಪ ಕೊಕ್ಕೆ ಹೊಡೆದುಕೊಟ್ಟ. "ಇದು ನನಗೇ ಹೊಳೀಬೇಕಿತ್ತು. ಹೋಗ್ಲಿ, ನನ್ನ ಗ್ಯಾರೇಜಲ್ಲಿ ನಿನಗೆ ಹೊಳೀತಲ್ಲ, ಅರ್ಧ ನಂದೇ" ಎಂದು ಸೇರಿಸುವುದನ್ನು ಮರೆಯಲಿಲ್ಲ.

ಅಷ್ಟರಲ್ಲಿ ನಮ್ಮ ಯಜಮಾನರು ಗೌರಿಬಿದನೂರಿನವರನ್ನು ಕರೆದುಕೊಂಡು ಗ್ಯಾರೇಜಿಗೇ ಬಂದರು.

"ಕೀ ಕೊಡಪ್ಪ" ಎಂದರು.

"ಕೊಡಲ್ಲ ಮುನಿಶಾಮಣ್ಣ."

"ಗಾಡಿ ನಂದೋ ನಿಂದೋ?"

"ಗಾಡಿ ಈಯಮ್ಮಂದು" ಎಂದು ಗಂಗುಲಪ್ಪ ಪದ್ಮಳ ಕಡೆ ಕೈ ಮಾಡಿದ. "ಕೆಡಿಸಿದ್ದು ನಾನು. ಈಯಮ್ಮನ ಡ್ರೈವಿಂಗ್ ಅಲ್ಲ, ಗಾಡಿನೂ ಅಲ್ಲ. ನನ್ನ ತಪ್ಪಿಗೆ ಈಯಮ್ಮನ ಹೊಟ್ಟೆಪಾಡು ಮಾರ್ತೀಯಾ? ಟ್ಯಾಂಕ್ ತುಂಬಾ ಪೆಟ್ರೋಲ್ ಹಾಕ್ಸು. ಚಿಂತಾಮಣಿಗೆ ಹೋಗಿ ಬಾ. ಮತ್ತೆ ತುಂಬ್ಸು. ಎಷ್ಟು ಹಿಡೀತದೋ ನೋಡು. ಆಮೇಲೂ ಮಾರ್ಬೇಕು ಅನ್ನಿಸಿದ್ರೆ ನಾನೇ ಗೌರಿಬಿದನೂರಿಗೆ ಓಡ್ಸ್ಕೊಂಡು ಹೋಗಿ ಬಿಟ್ಟು ಬರ್ತೀನಿ."

ಯಜಮಾನರು ಹಟ ಬಿಡುವವರಲ್ಲ, ಹಟಕ್ಕೆ ಹಟವೆಂದು ಹತ್ತಿ ಕೂತರು. ಸೊಸೆ ಓಡಿಸುವ ಗಾಡಿಯ ಮುಂದಿನ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ನಾನು ಹಿಂದೆ ಕೂತೆ. ಚಿಂತಾಮಣಿಯ ತನಕ ಅವರು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಬರುವಾಗ ಹಿಡಿ ಬಿಟ್ಟಿದ್ದರು.

ಶಿಡ್ಲಘಟ್ಟದ ಬಂಕಿನಲ್ಲಿ ಮತ್ತೆ ತುಂಬಿಸಿದಾಗ ನಾಲ್ಕು ಲೀಟರ್ ಕೂಡ ಹಿಡಿಯಲಿಲ್ಲ. ಮೊದಲಾಗಿದ್ದರೆ ಅಷ್ಟೇ ದಾರಿಗೆ ಆರು ಕುಡಿಯುತ್ತಿತ್ತು. ಯಜಮಾನರು ನಂಬಲಿಲ್ಲ. "ಗಾಳಿ ಕಟ್ಟಿರ್ತದೆ, ಇನ್ನೂ ಹಿಡೀತದೆ" ಎಂದು ಕೆಳಗಿಳಿದು ತಾವೇ ವ್ಯಾನಿಗೆ ಹೆಗಲು ಕೊಟ್ಟು ಅತ್ತಿತ್ತ ಅಲ್ಲಾಡಿಸಿದರು. ಬಂಕಿನ ಹುಡುಗಿ ಮತ್ತೆ ಪೈಪು ಇಟ್ಟಳು. ನಾಲ್ಕು ಹನಿ ಹೋಗಿ ಹೊರಗೆ ಚೆಲ್ಲಿತು. ಇನ್ನೊಂದು ಸಲ ಅಲ್ಲಾಡಿಸಿದರು. ಮತ್ತೆ ಚೆಲ್ಲಿತು. "ಸಾಕು ಮಾವ, ಗಾಡಿಗೆ ತಲೆ ತಿರುಗ್ತದೆ" ಎಂದಳು ಪದ್ಮ. ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ.

ಗ್ಯಾರೇಜಿನಲ್ಲಿ ಕಾಯುತ್ತಿದ್ದ ಗೌರಿಬಿದನೂರಿನವರಿಗೆ ನಮ್ಮ ಯಜಮಾನರು ಗಾಡಿ ಮಾರುವುದಿಲ್ಲ ಎನ್ನಲಿಲ್ಲ. "ಗಾಡಿ ಇನ್ನೂ ರೆಡಿ ಇಲ್ಲ" ಎಂದರು. ಅಷ್ಟೇ. ಅದಾಗಿ ಎಷ್ಟು ಬೆಳೆ ಬಂದು ಹೋದವೋ, ಅವರ ಬಾಯಲ್ಲಿ ಗಾಡಿ ಇನ್ನೂ ರೆಡಿಯಾಗಿರಲಿಲ್ಲ. ಮಂಡಿಕಲ್ಲಿನವರು ತಟ್ಟೆ ಮೂಸಿ ನೋಡಿ ಮತ್ತೆ ಹುಳು ಇಳಿಸಿಕೊಂಡರು.

ಗಂಗುಲಪ್ಪನನ್ನು ನಾನು ಕೊನೆಯ ಸಲ ನೋಡಿದ್ದು ಪದ್ಮಳಿಗೆ ಐದು ತಿಂಗಳಾಗಿದ್ದಾಗ. ಆಯಿಲ್ ಬದಲಾಯಿಸಲು ಹೋಗಿದ್ದೆವು. ಅವನು ಸೊರಗಿದ್ದ. ಎರಡು ಹೆಜ್ಜೆಗೊಮ್ಮೆ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದ. ಮುಂದಿನ ಹಲ್ಲೊಂದು ಬಿದ್ದಿತ್ತು. ಸ್ಕ್ರೂಡ್ರೈವರನ್ನು ಬಾಯಿಯ ಪಕ್ಕಕ್ಕೆ ಸರಿಸಿ ದವಡೆಯಲ್ಲಿ ಕಚ್ಚಿಕೊಂಡು ಕೇಳುತ್ತಿದ್ದ. ಡಾಕ್ಟರಿಗೆ ತೋರಿಸಪ್ಪ ಎಂದರೆ, "ತೋರ್ಸಿದೆ ಅಕ್ಕಾ. ಕೆಲಸ ಬಿಡು ಅಂದ್ರು. ಅವರು ಬಿಟ್ಟು ತೋರ್ಸಲಿ ಮೊದಲು" ಎಂದ. ಪದ್ಮಳ ಹೊಟ್ಟೆ ನೋಡಿ ಖುಷಿಪಟ್ಟ. ಸ್ಟೇರಿಂಗಿಗೆ ಹೊಟ್ಟೆ ತಾಗದಂತೆ ಸೀಟನ್ನು ಹಿಂದಕ್ಕೆ ಸರಿಸಿ ಬೋಲ್ಟು ಬಿಗಿದ. ಬಿಗಿಯುತ್ತಲೇ ಹೇಳಿದ:

"ಮಗು ಆದ್ಮೇಲೆ ಮನೇಲಿ ಮತ್ತೆ ಮಾರು ಅಂತಾರೆ, ನೋಡ್ತಿರು. ಮಾರಿದ್ರೆ ಈ ಗೇಟಿಗೆ ಬರಬೇಡ."

"ಮಾರಲ್ಲ ಅಣ್ಣಾ" ಎಂದಳು ಪದ್ಮ.

"ನಿನ್ನ ಕೇಳ್ಲಿಲ್ಲ. ಅಕ್ಕನ್ನ ಕೇಳ್ತಾ ಇದೀನಿ" ಎಂದು ನನ್ನ ಕಡೆ ತಿರುಗಿದ. ನಾನು ಏನೂ ಹೇಳದೆ ನಕ್ಕೆ. ಹೇಳಬೇಕಿತ್ತು. ಸ್ವಲ್ಪ ದಿನಕ್ಕೆ ಸುದ್ದಿ ಬಂತು. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದವನು ಮೇಲೆ ಏಳಲಿಲ್ಲವಂತೆ. ಮಣ್ಣಿಗೆ ಹೋದಾಗ ರಸ್ತೆಯುದ್ದಕ್ಕೂ ರೇಷ್ಮೆ ಗಾಡಿಗಳೇ ನಿಂತಿದ್ದವು. ಒಂದನ್ನೂ ಯಾರೂ ತೊಳೆದಿರಲಿಲ್ಲ.

ಅವನು ಹೇಳಿದ್ದೇ ಆಯಿತು. ನಿನ್ನೆ ಸಂಜೆ ನಾನು ಒಬ್ಬಟ್ಟು ತಟ್ಟುವಾಗ ಯಜಮಾನರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಮಗು ಬಂತು. ಇನ್ನು ಆ ಗಾಡಿ ಯಾಕೆ? ಗೌರಿಬಿದನೂರಿಗೆ ಫೋನ್ ಮಾಡ್ಲಾ?" ಎಂದರು.

ಗಂಗುಲಪ್ಪ ಇದ್ದಿದ್ದರೆ ಅವರನ್ನು ಬೈಯುವ ಕೆಲಸ ಅವನದು. ಈಗ ಆ ಕೆಲಸಕ್ಕೆ ನನ್ನ ಬಿಟ್ಟು ಇನ್ಯಾರಿದ್ದಾರೆ?

"ಮಾಡಿ" ಎಂದೆ. "ಮಾಡಿ, ಗಾಡಿ ಯಾವತ್ತೂ ರೆಡಿ ಆಗಲ್ಲ ಅಂತ ಹೇಳಿಬಿಡಿ. ಮಗು ಬಂದಿರೋದಕ್ಕೇ ಗಾಡಿ ಬೇಕು. ಇವಳು ದೊಡ್ಡೋಳಾಗಿ, ನಮ್ಮಮ್ಮ ಏನು ಕೆಲಸ ಮಾಡ್ತಾಳೆ ಅಂತ ಯಾರಾದ್ರೂ ಕೇಳಿದ್ರೆ, ಮಾಡ್ತಿದ್ಲು ಅಂತ ಹೇಳ್ಬೇಕಾ? ನಾನು ಬದುಕಿರೋ ತನಕ ಆಗಲ್ಲ."

ಮದುವೆಯಾದಂದಿನಿಂದ ಅವರೆದುರು ನಾನು ಇಷ್ಟು ಜೋರಾಗಿ ಮಾತಾಡಿದವಳಲ್ಲ. ಅವರು ಕಕ್ಕಾಬಿಕ್ಕಿಯಾಗಿ, "ಓಡ್ಸೋರ್ಯಾರೇ?" ಎಂದರು.

ಬಾಣಂತಿ ಕೋಣೆಯೊಳಗಿಂದ ಪದ್ಮಳ ದನಿ ಬಂತು. "ಮೂರು ತಿಂಗಳು ನಿಮ್ಮ ಮಗ ಓಡಿಸ್ತಾರೆ ಮಾವ. ಆಮೇಲೆ ನಾನು."

"ನನಗೆ ಡ್ಯೂಟಿ ಇರ್ತದಲ್ಲ" ಎಂದು ರಮೇಶ ರಾಗ ಎಳೆದ.

"ಹುಳು ಹೋಗೋದು ಡ್ಯೂಟಿಗೆ ಮುಂಚೆ. ಒಂದು ಗಂಟೆ ಮುಂಚೆ ಎದ್ರೆ ಏನೂ ಸವೆಯಲ್ಲ" ಎಂದಳು ಪದ್ಮ ಒಳಗಿನಿಂದಲೇ.

ಯಜಮಾನರು ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಬಾಣಂತಿಗೆ ಒಳಗೆ ಬೇರೆ ಊಟ, ಉಳಿದವರಿಗೆ ನಡುಮನೆಯಲ್ಲಿ. ನಮ್ಮಲ್ಲಿ ರೂಢಿ ಹಾಗೆ. ನಿನ್ನೆ ನಾನು ಎಲ್ಲರ ತಟ್ಟೆಗಳನ್ನೂ ಕೋಣೆಯ ಹೊಸಿಲ ಬಳಿ ಹಾಕಿದೆ. ಪದ್ಮ ಗೋಡೆಗೊರಗಿ ಅನ್ನಕ್ಕೆ ಮೆಣಸಿನ ಸಾರು ಕಲಸಿಕೊಂಡಳು, ನಾವು ಮೂವರು ಹೊಸಿಲಿನ ಈಚೆ ಒಬ್ಬಟ್ಟು, ಒಬ್ಬಟ್ಟಿನ ಸಾರು ಬಡಿಸಿಕೊಂಡೆವು. ಮಗು ನಡುವೆ ಕೈಕಾಲು ಬಡಿಯುತ್ತಿತ್ತು.

ಯಜಮಾನರು ಮೊದಲ ಒಬ್ಬಟ್ಟು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಎರಡನೆಯದನ್ನು ಮುರಿಯುತ್ತಾ ಮಗನಿಗೆ ಹೇಳಿದರು: "ಬೆಳಿಗ್ಗೆ ಪೆರೇಸಂದ್ರಕ್ಕೆ ಹುಳು ಹೋಗ್ಬೇಕಲ್ವೇನೋ? ನಾನೂ ಬರ್ತೀನಿ. ತಟ್ಟೆ ಇಳಿಸೋಕೆ ನಿನಗೊಬ್ಬನಿಗೆ ಆಗಲ್ಲ."

ನಾನು ಅವರ ಒಬ್ಬಟ್ಟಿನ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದೆ, ಪದ್ಮ ಒಳಗಿನಿಂದ ಸಾರು ಕೇಳಿದಳು, ಎಲ್ಲರೂ ಊಟ ಮಾಡಿದೆವು.